ಮಡಚಿಟ್ಟ ಊರುಗಳು

ಕಳೆದ ಸಲ ಬಾಡಿಗೆ ಮನೆ ಬದಲಾಯಿಸುವಾಗ ನನ್ನದೊಂದು ಇಡೀ ಊರು ನಾಶವಾಯಿತು. ಗಾಬರಿಯಾಗಬೇಡಿ, ಫೋಮ್ ಬೋರ್ಡಿನ ಊರು. ಹನ್ನೊಂದು ಮನೆ, ಒಂದು ಚರ್ಚು, ಒಂದು ಗಾಳಿಗಿರಣಿ. ಟೆಂಪೋದಲ್ಲಿ ಅಕ್ಕಿ ಮೂಟೆ ಅದರ ಮೇಲೆ ಕೂತಿತ್ತು. ಇಳಿಸುವ ಹೊತ್ತಿಗೆ ಚರ್ಚು ಹಪ್ಪಳ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಮೇಜಿನ ಮೇಲೆ ಚಿಕ್ಕ ಚಿಕ್ಕ ಸೈನಿಕ ಗೊಂಬೆಗಳನ್ನು ಇಟ್ಟುಕೊಂಡು, ದಾಳ ಹಾಕಿ, ಟೇಪಿನಿಂದ ದೂರ ಅಳೆದು ಆಡುವ ಯುದ್ಧದಾಟ ಇದು. ಇಂಗ್ಲಿಷಿನಲ್ಲಿ ವಾರ್‌ಗೇಮ್ ಅಂತಾರೆ. ಆಫೀಸಿನ ಗೆಳೆಯನೊಬ್ಬ ಹಚ್ಚಿದ ಹುಚ್ಚು. ಗೊಂಬೆಗಳು ಸುಮಾರು 28 ಮಿಲಿಮೀಟರ್ ಎತ್ತರ, ನಿಮ್ಮ ಹೆಬ್ಬೆರಳಿನ ಅರ್ಧ ಅಂದುಕೊಳ್ಳಿ. ಅವು ಅಡಗಿಕೊಳ್ಳಲು ಮನೆ ಬೇಕು, ಗೋಡೆ ಬೇಕು, ಊರು ಬೇಕು. ಗೊಂಬೆಗಳು ಒಂದು ಡಬ್ಬಿಯಲ್ಲಿ ಹಿಡಿಯುತ್ತವೆ. ಆದರೆ ಊರು ಎಲ್ಲಿ ಹಿಡಿಯುತ್ತದೆ ಹೇಳಿ, ಒಂದು ಬೆಡ್‌ರೂಮಿನ ಮನೆಯಲ್ಲಿ?

ಹೊಸ ಮನೆಯ ಓನರ್ ಆಂಟಿ ಮುರಿದ ಮನೆಗಳ ರಾಶಿ ನೋಡಿ, "ಏನಪ್ಪಾ ಇದು, ಗೊಂಬೆ ಹಬ್ಬಕ್ಕಾ?" ಅಂದರು. ಹೂಂ ಆಂಟಿ ಅಂದುಬಿಟ್ಟೆ. ಯುದ್ಧಕ್ಕೆ ಅಂದಿದ್ದರೆ ಅಡ್ವಾನ್ಸ್ ವಾಪಸ್ ಕೊಡುತ್ತಿದ್ದರೇನೋ :-) ಆಮೇಲೆ ಯೋಚಿಸಿದರೆ ಅವರ ಪ್ರಶ್ನೆಯಲ್ಲೇ ಉತ್ತರ ಇತ್ತು. ದಸರಾ ಮುಗಿದ ಮೇಲೆ ಗೊಂಬೆ ಮೆಟ್ಟಿಲನ್ನೆಲ್ಲ ಬಿಚ್ಚಿ ಅಟ್ಟಕ್ಕೆ ಹಾಕುವುದಿಲ್ಲವೇ? ಮನೆಗಳನ್ನೂ ಹಾಗೇ ಬಿಚ್ಚಿ ಮಡಚುವಂತೆ ಮಾಡಬೇಕು.

ಮಡಚುವ ಮನೆ ಮಾಡಲು ಕೂತಾಗ ಕುತೂಹಲಕ್ಕೆ ಇದರ ಇತಿಹಾಸ ಹುಡುಕಿದೆ. ನನ್ನ ಸಮಸ್ಯೆಗೆ ಮುನ್ನೂರೈವತ್ತು ವರ್ಷ ವಯಸ್ಸಾಗಿದೆ! ಯುದ್ಧಕ್ಕಾಗಿ ಊರಿನ ಮಾದರಿ ಮಾಡಿದವರೆಲ್ಲ, ರಾಜರೂ ಸೇರಿ, ಇದನ್ನು ಎತ್ತಿಡುವುದು ಎಲ್ಲಿ, ಒಯ್ಯುವುದು ಹೇಗೆ ಅಂತ ತಲೆ ಕೆಡಿಸಿಕೊಂಡವರೇ.

ರಾಜನ ಊರುಗಳು

1668ರಲ್ಲಿ ಫ್ರಾನ್ಸಿನ ಹದಿನಾಲ್ಕನೇ ಲೂಯಿಯ ಯುದ್ಧಮಂತ್ರಿ ಲೂವ್ವಾ ಒಂದು ಕೆಲಸ ಶುರು ಮಾಡಿಸಿದ. ಗಡಿಯ ಕೋಟೆ ಊರುಗಳನ್ನೆಲ್ಲ ಅಳೆದು ಅವುಗಳ ಮಾದರಿ ಮಾಡುವುದು. 'ಪ್ಲಾನ್ ರಿಲೀಫ್' ಅಂತ ಇವಕ್ಕೆ ಹೆಸರು. ಅಳತೆ ಒಂದಕ್ಕೆ ಆರುನೂರು. ಅಂದರೆ ಆರು ಮೀಟರ್ ಎತ್ತರದ ಮನೆ ಮಾದರಿಯಲ್ಲಿ ಒಂದು ಸೆಂಟಿಮೀಟರ್. ಮರದಲ್ಲಿ ಕೆತ್ತಿದ ಮನೆಗಳು, ಅವುಗಳ ಮೇಲೆ ಬಣ್ಣದ ಕಾಗದ, ರೇಷ್ಮೆ ಎಳೆಯ ಗಿಡಮರ. ಬೀದಿ ಬೀದಿ, ಮನೆ ಮನೆ. ಎರಡು ಶತಮಾನಗಳಲ್ಲಿ ಇಂಥ ಇನ್ನೂರಕ್ಕೂ ಹೆಚ್ಚು ಮಾದರಿಗಳಾದವು.

ಒಂದೊಂದು ಮಾದರಿಯೂ ಕೋಣೆಯಷ್ಟು ದೊಡ್ಡದು. ಅದಕ್ಕೇ ಹಲವು ಮೇಜುಗಳನ್ನು ಜೋಡಿಸಿದಂತೆ ಭಾಗ ಭಾಗವಾಗಿ ಮಾಡಿದರು. ಬಿಡಿಸಿ ಗಾಡಿಗೆ ಹೇರಿ ಪ್ಯಾರಿಸಿಗೆ ಸಾಗಿಸಬೇಕಲ್ಲ! ಊರಿನ ನಡುವೆ ಹಾದುಹೋಗುವ ಆ ಸಂದುಗಳು ನನ್ನ ಮಡಚುವ ಮನೆಯ ಮುತ್ತಜ್ಜ ಅನ್ನಬಹುದು.

ಇವು ಆಟಿಕೆಯಲ್ಲ, ರಾಜ್ಯದ ಗುಟ್ಟು. ಕೋಟೆಯ ದುರ್ಬಲ ಜಾಗ ಯಾವುದು, ಫಿರಂಗಿ ಎಲ್ಲಿಡಬೇಕು ಅಂತ ಪ್ಯಾರಿಸಿನಲ್ಲೇ ಕೂತು ಲೆಕ್ಕ ಹಾಕುತ್ತಿದ್ದರು. ಮೊದಲು ಲೂವ್ರ್ ಅರಮನೆಯಲ್ಲಿದ್ದವು, 1777ರಲ್ಲಿ ಇನ್‌ವಾಲಿಡ್ಸ್‌ಗೆ ಹೋದವು. 1815ರಲ್ಲಿ ನೆಪೋಲಿಯನ್ ಸೋತಾಗ ಪ್ರಷ್ಯನ್ನರು ಹಲವು ಮಾದರಿಗಳನ್ನು ಬರ್ಲಿನ್‌ಗೆ ಹೊತ್ತೊಯ್ದರು. ಲೀಲ್ ಅನ್ನುವ ಊರಿನ ಮಾದರಿ ವಾಪಸ್ ಬಂದದ್ದು 1948ರಲ್ಲಿ. ನೂರಮೂವತ್ತಮೂರು ವರ್ಷ ಒಂದು ಊರು ಪರದೇಶದಲ್ಲಿತ್ತು. ಭಾಗ ಭಾಗವಾಗಿ ಬಿಚ್ಚಲು ಬಂದರೆ ಕದಿಯುವುದೂ ಸುಲಭ, ನೋಡಿ.

ಡ್ರಾಯರಿನೊಳಗಿನ ನಾಡು

ಮಾದರಿ ನೋಡುವುದಕ್ಕಾಯಿತು, ಆಟ ಎಲ್ಲಿಂದ ಬಂತು? ಅದಕ್ಕೆ ನಮ್ಮ ಕಡೆಗೇ ಬರಬೇಕು. ಆನೆ, ಕುದುರೆ, ರಥ, ಕಾಲಾಳು ಅಂತ ನಾಲ್ಕು ಅಂಗದ ಸೈನ್ಯವನ್ನು ಮಣೆಯ ಮೇಲೆ ತಂದದ್ದು ಚತುರಂಗ. ಅದು ಪರ್ಷಿಯಾ, ಅರಬ್ ನಾಡು ದಾಟಿ ಯೂರೋಪಿನಲ್ಲಿ ಚೆಸ್ ಆಯಿತು. 1780ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್‌ನ ಹೆಲ್‌ವಿಗ್ ಅನ್ನುವ ಗಣಿತದ ಮೇಷ್ಟ್ರು ಚೆಸ್ ಮಣೆಯನ್ನು 1617 ಚೌಕಗಳಿಗೆ ಹಿಗ್ಗಿಸಿ, ಬೆಟ್ಟ, ನೀರು, ಕಟ್ಟಡಗಳಿಗೆ ಬೇರೆ ಬೇರೆ ಬಣ್ಣದ ಚೌಕ ಕೊಟ್ಟರು. ಚತುರಂಗದಲ್ಲಿ ನೆಲ ಯಾವಾಗಲೂ ಸಪಾಟು. ಇಲ್ಲಿ ಮೊದಲ ಬಾರಿ ನೆಲಕ್ಕೂ ಒಂದು ಪಾತ್ರ ಬಂತು.

ಆಮೇಲೆ ಬಂದವರು ರೈಸ್‌ವಿಟ್ಜ್ ಅಪ್ಪ ಮಗ. ಪ್ರಷ್ಯಾದವರು. ಅಪ್ಪನದು ಮೊದಲು ಮರಳಿನ ಮೇಲೆ ಆಡುವ ಆಟ. ರಾಜನೇ ನೋಡಬೇಕು ಅಂದಾಗ ಮರಳು ಮರ್ಯಾದೆಯಲ್ಲ ಅನ್ನಿಸಿರಬೇಕು. 1812ರಲ್ಲಿ ಮೂರನೇ ಫ್ರೆಡರಿಕ್ ವಿಲ್ಹೆಲ್ಮ್‌ಗೆ ಒಪ್ಪಿಸಿದ್ದು ಸೊಗಸಾದ ಮರದ ಮೇಜು. ಮೇಲೆ ಬೆಟ್ಟ, ಹೊಳೆ, ಹಳ್ಳಿ ಇರುವ ಪ್ಲಾಸ್ಟರ್ ಬಿಲ್ಲೆಗಳು. ಬೇಕಾದ ಹಾಗೆ ತಿರುಗಿಸಿ ಜೋಡಿಸಿದರೆ ಪ್ರತಿ ಸಲ ಹೊಸ ನಾಡು. ಆಟ ಮುಗಿದರೆ ಎಲ್ಲವೂ ಮೇಜಿನ ಡ್ರಾಯರಿನೊಳಗೆ!

ನಾನು ಓದಿದ್ದು ಎಂಜಿನಿಯರಿಂಗ್ ಆದ್ದರಿಂದಲೋ ಏನೋ, ಈ ಮೇಜಿನ ಬಗ್ಗೆ ಓದಿ ತುಂಬ ಖುಷಿಯಾಯಿತು. ನಾವು ಕೋಡಿನಲ್ಲಿ ಮಾಡ್ಯೂಲ್ ಮಾಡ್ಯೂಲ್ ಅಂತ ಬಡ್ಕೋತೀವಲ್ಲ, ಅದೇ ಇದು. ಕೆಲವೇ ಬಿಡಿ ತುಂಡು, ಲೆಕ್ಕವಿಲ್ಲದಷ್ಟು ಊರು.

ಮಗ ಸೈನ್ಯದಲ್ಲಿ ಲೆಫ್ಟಿನೆಂಟ್. 1824ರಲ್ಲಿ ಅವನು ಬಿಲ್ಲೆಗಳನ್ನೇ ಬಿಟ್ಟು, ಒಂದಕ್ಕೆ ಎಂಟು ಸಾವಿರದ ಅಳತೆಯ ನಕ್ಷೆಯ ಮೇಲೆ ಆಡುವಂತೆ ಮಾಡಿದ. ಈಗ ಇಡೀ ಯುದ್ಧ ಒಂದು ಪೆಟ್ಟಿಗೆಯಲ್ಲಿ. ಸೇನಾ ಮುಖ್ಯಸ್ಥ ಮ್ಯೂಫ್ಲಿಂಗ್ ಆಟ ನೋಡಿ, ಇದು ಆಟವಲ್ಲ, ಯುದ್ಧದ ಪಾಠ ಅಂತ ಉದ್ಗರಿಸಿದನಂತೆ. ಪ್ರಷ್ಯಾದ ಸೈನ್ಯಕ್ಕೆಲ್ಲ ಹಬ್ಬಿತು. ಕಂಡುಹಿಡಿದ ಮಗ ಮಾತ್ರ 1827ರಲ್ಲಿ ತನ್ನ ಪ್ರಾಣ ತಾನೇ ಕಳೆದುಕೊಂಡ.

ಅಂದ ಹಾಗೆ, ಅದೇ ಕಾಲಕ್ಕೆ ಮೈಸೂರಿನ ಅರಮನೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಮಣೆಯಾಟಗಳನ್ನು ಕಟ್ಟುತ್ತಿದ್ದರು. ಅವರ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿ ಆಟಗಳದ್ದೇ. ಅಧಿಕಾರ 1831ರಲ್ಲಿ ಬ್ರಿಟಿಷರ ಕೈಗೆ ಹೋಗಿತ್ತು. ಬರ್ಲಿನ್ನಿನ ಮೇಜು ಮುಂದಿನ ಯುದ್ಧಕ್ಕೆ ತಯಾರಿ. ಮೈಸೂರಿನ ಮಣೆಗೆ ಯುದ್ಧದ ಜೊತೆ ಯಾವ ಕೆಲಸವೂ ಉಳಿದಿರಲಿಲ್ಲ.

ಮಡಚಲಾಗದ ವಾಟರ್ಲೂ

ಈ ಕಥೆಯಲ್ಲಿ ನನಗೆ ತೀರಾ ಹತ್ತಿರ ಅನ್ನಿಸಿದವನು ವಿಲಿಯಂ ಸೈಬೋರ್ನ್, ಬ್ರಿಟಿಷ್ ಸೈನ್ಯದ ಲೆಫ್ಟಿನೆಂಟ್. 1830ರಲ್ಲಿ ಅವನಿಗೆ ವಾಟರ್ಲೂ ಯುದ್ಧದ ಮಾದರಿ ಮಾಡುವ ಕೆಲಸ ಬಂತು. ಮನುಷ್ಯ ಎಂಥ ಹಟಮಾರಿ ಅಂದರೆ, ಯುದ್ಧ ನಡೆದ ಜಾಗದ ಲಾ ಹೇ ಸ್ಯಾಂತ್ ಅನ್ನುವ ತೋಟದ ಮನೆಯಲ್ಲೇ ಎಂಟು ತಿಂಗಳು ಉಳಿದು ನೆಲ ಅಳೆದ. ಬದುಕಿದ್ದ ಅಧಿಕಾರಿಗಳಿಗೆಲ್ಲ ಪತ್ರ ಬರೆದು, ಆ ಸಂಜೆ ಏಳರ ಸುಮಾರಿಗೆ ನೀವು ಎಲ್ಲಿದ್ದಿರಿ, ಎದುರಿಗೆ ಯಾರಿದ್ದರು ಅಂತ ಕೇಳಿದ. ಇತಿಹಾಸ ಅಂದರೆ ಸೇನಾಪತಿ ಹೇಳಿದ್ದು ಮಾತ್ರ ಅಂತಿದ್ದ ಕಾಲದಲ್ಲಿ ನೂರಾರು ಜನರ ನೆನಪು ಕೇಳಿ ಹೊಂದಿಸಿ ನೋಡಿದವನು.

ನಡುವೆ ಸರ್ಕಾರ ದುಡ್ಡು ನಿಲ್ಲಿಸಿತು. ಇವನು ಸಾಲ ಮಾಡಿ ಮುಗಿಸಿದ. 1838ರಲ್ಲಿ ಲಂಡನ್ನಿನ ಈಜಿಪ್ಷಿಯನ್ ಹಾಲ್‌ನಲ್ಲಿ ಪ್ರದರ್ಶನ. ಬಿಡಿ ಭಾಗಗಳನ್ನು ಕೂಡಿಸಿದ ಮಾದರಿಯ ಮೇಲೆ ಎಪ್ಪತ್ತು ಸಾವಿರಕ್ಕೂ ಹೆಚ್ಚು ಪುಟಾಣಿ ಸೈನಿಕರು, ಹೂಗೋಮೋನ್ ಕಟ್ಟಡಗಳು, ಹೊಲಗಳು.

ತೊಂದರೆ ಬಂದದ್ದು ಬೇರೆ ಕಡೆಯಿಂದ. ಸೈಬೋರ್ನ್ ಕಲೆಹಾಕಿದ ಸಾಕ್ಷ್ಯದ ಪ್ರಕಾರ ಆ ಹೊತ್ತಿಗಾಗಲೇ ಪ್ರಷ್ಯನ್ನರು ದೊಡ್ಡ ಸಂಖ್ಯೆಯಲ್ಲಿ ಬಂದಿದ್ದರು. ಗೆಲುವಿನಲ್ಲಿ ಅವರ ಪಾಲು ದೊಡ್ಡದು. ಇದು ಡ್ಯೂಕ್ ಆಫ್ ವೆಲಿಂಗ್ಟನ್‌ಗೆ ಹಿಡಿಸಲಿಲ್ಲ. ಕೊನೆಗೆ ಸೈಬೋರ್ನ್ ತನ್ನ ಮಾದರಿಯಿಂದ ಬಹಳಷ್ಟು ಪ್ರಷ್ಯನ್ ಗೊಂಬೆಗಳನ್ನು ತಾನೇ ಕಿತ್ತುಹಾಕಿದ. ಹಾಕಿದ ದುಡ್ಡೂ ಕೈಗೆ ಬರಲಿಲ್ಲ. ಮಾದರಿ ಈಗ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿದೆ.

ಬರೀ ತವರದ ಗೊಂಬೆ, ಅದಕ್ಕೆ ಇಷ್ಟು ಗಲಾಟೆ. ಆದರೆ ಯೋಚನೆ ಮಾಡಿ. ಪುಸ್ತಕದಲ್ಲಿ 'ಪ್ರಷ್ಯನ್ನರೂ ನೆರವಾದರು' ಅಂತ ತೇಲಿಸಿ ಬರೆಯಬಹುದು. ಮಾದರಿಯಲ್ಲಿ ಹಾಗಾಗದು. ಗೊಂಬೆ ಇರುತ್ತದೆ ಇಲ್ಲವೇ ಇರುವುದಿಲ್ಲ. ಮೇಜಿನ ಮೇಲೆ ಯಾರನ್ನು ಇಡುತ್ತೀಯ, ಯಾರನ್ನು ತೆಗೆಯುತ್ತೀಯ ಅನ್ನುವುದೇ ಅಲ್ಲಿ ಇತಿಹಾಸ.

ನೆಲದ ಮೇಲಿನ ವೆಲ್ಸ್, ಬೆಟ್ಟದ ನಡುವಿನ ಅಣೆಕಟ್ಟು

ಸೈನ್ಯದ ಕೈಯಿಂದ ಆಟವನ್ನು ಮನೆಯ ನೆಲಕ್ಕೆ ತಂದವರಲ್ಲಿ ಮುಖ್ಯನಾದವನು ಎಚ್. ಜಿ. ವೆಲ್ಸ್. ಹೌದು, ಕಾಲಯಂತ್ರದ ಕಥೆ ಬರೆದ ಅದೇ ವೆಲ್ಸ್. 1913ರಲ್ಲಿ 'ಲಿಟಲ್ ವಾರ್ಸ್' ಅಂತ ಪುಸ್ತಕ ಬಂತು. ವಿಲಿಯಂ ಬ್ರಿಟನ್ ಕಂಪನಿ 1893ರಿಂದ ಟೊಳ್ಳು ಸೀಸದ ಅಗ್ಗದ ಸೈನಿಕರನ್ನು ಮಾಡುತ್ತಿತ್ತು. ವೆಲ್ಸ್ ಮತ್ತು ಗೆಳೆಯರು ಮೊದಲು ವಿಶ್ವಕೋಶದ ಸಂಪುಟಗಳನ್ನೇ ನೆಲದ ಮೇಲಿಟ್ಟು ನಾಡು ಅಂದುಕೊಂಡರು, ಆಮೇಲೆ ಮರದ ಇಟ್ಟಿಗೆಗಳ ಮನೆಗಳು ಬಂದವು. ಆಟ ಮುಗಿದರೆ ಊರು ಪುಸ್ತಕದ ಕಪಾಟಿಗೆ. ಇದಕ್ಕಿಂತ ಒಳ್ಳೆಯ ಮಡಚುವ ಮನೆ ಉಂಟೇ?

ಪುಸ್ತಕದ ಕೊನೆಯಲ್ಲಿ ವೆಲ್ಸ್‌ನ ವಾದ ಸರಳ. ನಾಲ್ಕು ಸಲ ಈ ಪುಟ್ಟ ಯುದ್ಧ ಆಡಿದವನಿಗೆ ನಿಜವಾದ ಯುದ್ಧ ಎಂಥ ಎಡವಟ್ಟಿನ ಕೆಲಸ ಅಂತ ತಿಳಿಯುತ್ತದೆ, ಯುದ್ಧ ಬೇಕೆನ್ನುವವರು ಇದನ್ನೇ ಆಡಿಕೊಳ್ಳಲಿ ಅಂತ. ಯಾರೂ ಕೇಳಲಿಲ್ಲ. ಮರುವರ್ಷ 1914.

ಎರಡನೇ ಮಹಾಯುದ್ಧದಲ್ಲಿ ಮಾದರಿ ಮತ್ತೆ ಸೈನ್ಯಕ್ಕೆ ಹೋಯಿತು. ಇಂಗ್ಲೆಂಡಿನ ಮೆಡ್ಮೆನ್‌ಹ್ಯಾಮ್‌ನಲ್ಲಿ ವಿಮಾನದಿಂದ ತೆಗೆದ ಫೋಟೋಗಳನ್ನು ನೋಡಿ ಶತ್ರುವಿನ ಜಾಗಗಳ ಮಾದರಿ ಮಾಡುವ ವಿಭಾಗವೇ ಇತ್ತು. ಅಲ್ಲಿ ಮಾಡಿದ್ದರಲ್ಲಿ ಒಂದು ಜರ್ಮನಿಯ ಮೋನೆ ಅಣೆಕಟ್ಟು. ನೀರು, ಗುಡ್ಡ, ಮರ ಎಲ್ಲ ಅಚ್ಚುಕಟ್ಟು. 1943ರ ಮೇ 16ರ ರಾತ್ರಿ ಹೊರಟ ವಿಮಾನಗಳು ಆ ಅಣೆಕಟ್ಟನ್ನು ಒಡೆದವು. ಸಿನಿಮಾ ಆಗುವಷ್ಟು ಹೆಸರಾಯಿತು. ಪ್ರವಾಹದಲ್ಲಿ ಸತ್ತವರು ಸಾವಿರಕ್ಕೂ ಹೆಚ್ಚು. ಅವರಲ್ಲಿ ನೂರಾರು ಮಂದಿ ನೈಹೈಮ್ ಹತ್ತಿರದ ಶಿಬಿರದಲ್ಲಿದ್ದ, ಸೋವಿಯತ್ ನೆಲದಿಂದ ನಾಜಿಗಳು ಬಲವಂತವಾಗಿ ದುಡಿಯಲು ಎಳೆತಂದಿದ್ದ ಹೆಂಗಸರು.

ಮಾದರಿ ಈಗಲೂ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಬಳಿ ಇದೆ. ಅದರ ಅಂಚು ಮುಗಿಯುವಲ್ಲಿಗೆ ನೀರು ನಿಲ್ಲಲಿಲ್ಲ.

ನಮ್ಮ ಫೋಮ್ ಬೋರ್ಡ್

ಯುದ್ಧದ ನಂತರ ಆಟ ಮತ್ತೆ ಹವ್ಯಾಸಿಗಳ ಕೈಗೆ ಬಂತು. 1962ರಲ್ಲಿ ಡಾನ್ ಫೆದರ್‌ಸ್ಟೋನ್ ಬರೆದ 'ವಾರ್ ಗೇಮ್ಸ್' ಪುಸ್ತಕ ಇಂಗ್ಲೆಂಡಿನಲ್ಲಿ ದೊಡ್ಡ ಬಳಗವನ್ನೇ ಹುಟ್ಟಿಸಿತು. 1983ರಲ್ಲಿ ವಾರ್‌ಹ್ಯಾಮರ್ ಬಂದ ಮೇಲೆ ಇದೊಂದು ಉದ್ಯಮವೇ ಆಯಿತು. ಈ ನಡುವೆ 1957ರಲ್ಲಿ ಅಮೆರಿಕದ ಮೊನ್ಸಾಂಟೋ ಕಂಪನಿ ಎರಡು ಕಾಗದದ ನಡುವೆ ಪಾಲಿಸ್ಟೈರೀನ್ ನೊರೆಯ ಹಾಳೆ ಇರುವ ಬೋರ್ಡನ್ನು ಮಾರುಕಟ್ಟೆಗೆ ತಂದಿತ್ತು. ಅದೇ ಫೋಮ್ ಬೋರ್ಡ್. ನಮ್ಮ ಥರ್ಮಾಕೋಲಿನ ದಾಯಾದಿ. ಆದರೆ ಕತ್ತರಿಸಿದರೆ ಕಾಳು ಉದುರುವುದಿಲ್ಲ, ಕಾಗದ ಇರುವುದರಿಂದ ಬಾಗುವುದೂ ಕಡಿಮೆ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಥರ್ಮಾಕೋಲಿನ ಜ್ವಾಲಾಮುಖಿ ಮಾಡಿದವರಿಗೆ ಇದರ ಬೆಲೆ ತಿಳಿಯುತ್ತದೆ :-)

ನನ್ನ ಮಡಚುವ ಮನೆಯ ವಿಧಾನ ಹೇಳಿಬಿಡುತ್ತೇನೆ. ಐದು ಮಿಲಿಮೀಟರ್ ಬೋರ್ಡ್. 15 ಸೆಂಟಿಮೀಟರಿನ ಎರಡು ಗೋಡೆ, 10ರ ಎರಡು ಗೋಡೆ, ಎಲ್ಲದರ ಎತ್ತರ 12. ನಾಲ್ಕನ್ನೂ ಸಾಲಾಗಿ ಮಲಗಿಸಿ, ಒಳಮುಖದ ಕಡೆ ಹಳೇ ಕಾಟನ್ ಬಟ್ಟೆಯ ಪಟ್ಟಿಯನ್ನು ಫೆವಿಕಾಲ್ ಹಾಕಿ ಅಂಟಿಸಿದರೆ ಕೀಲು ತಯಾರು. ಮೊದಲನೆಯದನ್ನು ಕೊನೆಯದಕ್ಕೂ ಸೇರಿಸಿದರೆ ಗೋಡೆಗಳ ಬಳೆ. ನಾಲ್ಕು ಕೀಲಿನ ಚೌಕಟ್ಟು ತಾನಾಗಿ ಗಟ್ಟಿ ನಿಲ್ಲುವುದಿಲ್ಲ, ಒತ್ತಿದರೆ ವಾಲಿ ಚಪ್ಪಟೆಯಾಗುತ್ತದೆ ಅಂತ ಮೆಕ್ಯಾನಿಕ್ಸ್ ಕ್ಲಾಸಿನಲ್ಲಿ ಕೇಳಿರುತ್ತೀರಿ. ಅಲ್ಲಿ ಅದು ದೋಷ, ಇಲ್ಲಿ ಅದೇ ಬೇಕಾದ್ದು. ಆಡುವಾಗ ಒಳಗೆ ಆಯತದ ನೆಲಹಾಸು ತುರುಕಿದರೆ ಮನೆ ಸೆಟೆದು ನಿಲ್ಲುತ್ತದೆ. ಹೊರಮೂಲೆಯಲ್ಲಿ ಕಾಣುವ ಸಂದಿಗೆ ಕಲ್ಲಿನ ಬಣ್ಣ ಬಳಿದ ಬಿಡಿ ಪಟ್ಟಿ. ಮೇಲೆ ಎರಡು ಹಲಗೆಯ ಮಾಡು, ಎತ್ತಿದರೆ ಗೊಂಬೆಗಳನ್ನು ಒಳಗಿಡಬಹುದು.

ನಿಂತಾಗ ಮಾಡು ಸೇರಿ 16 ಸೆಂಟಿಮೀಟರ್ ಎತ್ತರ, ಅಂದರೆ 2400 ಘನ ಸೆಂಟಿಮೀಟರ್ ಜಾಗ. ಮಡಚಿದರೆ ಎಲ್ಲ ಸೇರಿ 500ರ ಆಸುಪಾಸು. ಐದು ಮನೆಯ ಜಾಗದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮನೆ! ಒಂದು ಎಚ್ಚರಿಕೆ: ಡಬ್ಬಿಯ ಸ್ಪ್ರೇ ಪೇಂಟ್ ಹೊಡೆಯಬೇಡಿ. ಅದರ ದ್ರಾವಕ ನೊರೆಯನ್ನು ಕರಗಿಸುತ್ತದೆ. ನನ್ನ ಮೊದಲ ಮನೆಯ ಅಂಚೆಲ್ಲ ಬಿಸಿಲಿಗಿಟ್ಟ ಐಸ್‌ಕ್ರೀಮಿನ ಹಾಗೆ ಒಳಸರಿಯಿತು. ಅಂಚಿಗೆ ಫೆವಿಕಾಲ್ ಬಳಿದು, ಒಣಗಿದ ಮೇಲೆ ನೀರಿನ ಬಣ್ಣ ಹಚ್ಚಿ. ಈ ವಸ್ತು ಮಣ್ಣಲ್ಲಿ ಕೊಳೆಯುವುದಿಲ್ಲ. ಅಲಂಕಾರದ ಥರ್ಮಾಕೋಲನ್ನು 2022ರ ಜುಲೈಯಲ್ಲಿ ದೇಶದಲ್ಲಿ ನಿಷೇಧಿಸಿದ್ದು ಅದಕ್ಕೇ. ಒಮ್ಮೆ ಮಾಡಿದ್ದನ್ನು ವರ್ಷಗಟ್ಟಲೆ ಉಳಿಸಿಕೊಳ್ಳಲು ಮಡಚುವುದೇ ಸರಿ.

ಪೇಟೆ

ಬೋರ್ಡ್ ತರಲು ಚಿಕ್ಕಪೇಟೆ ಕಡೆ ಹೋಗಿದ್ದೆ. ಅವೆನ್ಯೂ ರೋಡಿನಲ್ಲಿ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಬರುವಾಗ ತಲೆಗೆ ಹೊಳೆಯಿತು. ನಾನು ಯಾಕೆ ಯಾವಾಗಲೂ ಫ್ರಾನ್ಸಿನ ಹಳ್ಳಿ ಮಾಡುತ್ತೇನೆ? ನಿಂತಿರುವುದೇ ಯುದ್ಧ ಕಂಡ ಊರಿನಲ್ಲಿ. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೈನ್ಯ ನುಗ್ಗಿದ್ದು ಇದೇ ಪೇಟೆಗೆ. ಸುತ್ತ ಕಂದಕ, ಮುಳ್ಳಿನ ಬೇಲಿ ಇದ್ದ ಊರು. ಬ್ರಿಟಿಷರ ಕಡೆಯ ಮೂರ್‌ಹೌಸ್ ಅನ್ನುವ ಅಧಿಕಾರಿ ಪೇಟೆಯ ಬಾಗಿಲಲ್ಲಿ ಸತ್ತ. ಊರನ್ನು ಬಿಡಿಸಿಕೊಳ್ಳಲು ಟಿಪ್ಪು ಸೈನ್ಯ ಕಳಿಸಿದ, ಬೀದಿಗಳಲ್ಲೇ ಕಾಳಗ ನಡೆಯಿತು. ಮಾರ್ಚ್ 21ರ ರಾತ್ರಿ ಕೋಟೆಯೂ ಬಿತ್ತು, ಕಿಲ್ಲೇದಾರ ಬಹಾದುರ್ ಖಾನ್ ಹೋರಾಡುತ್ತಲೇ ಸತ್ತ. ಸೈನ್ಯದ ಜೊತೆ ಬಂದಿದ್ದ ರಾಬರ್ಟ್ ಹೋಮ್ ಅನ್ನುವ ಚಿತ್ರಕಾರ ಬರೆದ ನೋಟಗಳು 1794ರಲ್ಲಿ ಪುಸ್ತಕವಾಗಿವೆ.

ಸರಿ, ಪೇಟೆಯ ಮನೆಗಳನ್ನು ಶುರು ಮಾಡಿದೆ. ಅಮ್ಮ ಊರಿಂದ ಬಂದಿದ್ದಾಗ ಹಾಲಿನಲ್ಲಿ ಹತ್ತು ಮನೆ ನಿಲ್ಲಿಸಿ ತೋರಿಸಿದೆ. ಒಂದು ಕಡೆ ಕೆಂಪು ಕೋಟಿನ ಗೊಂಬೆ, ಇನ್ನೊಂದು ಕಡೆ ಟಿಪ್ಪುವಿನ ಸೈನ್ಯ. ಅಮ್ಮ ಒಂದು ಮನೆಯ ಮಾಡು ಎತ್ತಿ ಒಳಗೆ ಇಣುಕಿ, "ಚೆನ್ನಾಗಿ ಮಾಡಿದ್ದೀಯ ಕಣೋ. ಮನೆಯೋರು ಎಲ್ಲಿ?" ಅಂದಳು.

ಉತ್ತರ ಇರಲಿಲ್ಲ. ಲೂಯಿಯ ಊರುಗಳಲ್ಲೂ ಮನೆಯವರಿಲ್ಲ. ಸೈಬೋರ್ನ್‌ನ ಎಪ್ಪತ್ತು ಸಾವಿರವೂ ಸೈನಿಕರೇ. ಮೂರು ಶತಮಾನ ಎಲ್ಲರೂ ಕಿಟಕಿ, ಚಿಮಣಿ, ಗಿಡ ಬಿಡದೆ ಲೆಕ್ಕ ಇಟ್ಟಿದ್ದಾರೆ. ಆ ಕಿಟಕಿಯಿಂದ ನೋಡುತ್ತಿದ್ದವರನ್ನು ಮಾತ್ರ ಬಿಟ್ಟಿದ್ದಾರೆ. ನಾನೂ ಬಿಟ್ಟಿದ್ದೆ.

ಈಗ ಒಂದು ಸಣ್ಣ ಅಭ್ಯಾಸ ಮಾಡಿಕೊಂಡಿದ್ದೇನೆ. ಮನೆಯ ಒಳಗೋಡೆಯ ಮೇಲೆ ಅದು ಯಾರ ಮನೆ ಅಂತ ಪೆನ್ಸಿಲಿನಲ್ಲಿ ಬರೆಯುವುದು. ಕೆಲಸ ಸುಲಭ, ಪೇಟೆಗಳೇ ಹೇಳುತ್ತವೆ. ಕುಂಬಾರಪೇಟೆಯ ಮನೆಗೆ ಕುಂಬಾರ, ಗಾಣಿಗರಪೇಟೆಯದಕ್ಕೆ ಎಣ್ಣೆ ತೆಗೆಯುವವನು, ಬಳೇಪೇಟೆಯದಕ್ಕೆ ಬಳೆಗಾರ, ಅರಳೆಪೇಟೆಯದಕ್ಕೆ ಹತ್ತಿ ವ್ಯಾಪಾರಿ. ಆಟದ ನಿಯಮಕ್ಕೂ ಒಂದು ಸಾಲು ಸೇರಿಸಿದೆ: ಯಾರು ಗೆದ್ದರೂ ಸರಿ, ತಾನು ಸುಟ್ಟ ಪ್ರತಿ ಮನೆಗೆ ಐದು ಅಂಕ ಕಳೆದುಕೊಳ್ಳಬೇಕು. ಗೆಳೆಯ ಮೊದಲು ಗೊಣಗಿದ. ಹೋದ ಭಾನುವಾರ ಅವನೇ ಬಳೆಗಾರನ ಮನೆ ಉಳಿಸಲು ಹೋಗಿ ಎರಡು ಫಿರಂಗಿ ಕಳೆದುಕೊಂಡ!

ಹದಿನಾರು ಮನೆ ಆಗಿದೆ. ಎಲ್ಲವೂ ಮಡಚಿಕೊಂಡು ಮಂಚದ ಕೆಳಗೆ ಒಂದು ಸೂಟ್‌ಕೇಸಿನಲ್ಲಿ ಮಲಗಿವೆ. ಹಳೇ ಪೇಟೆಯಲ್ಲಿ ನಿಮ್ಮ ಅಜ್ಜ, ಮುತ್ತಜ್ಜ ಇದ್ದಿದ್ದರೆ ಅವರ ಕಸುಬು ಏನಿತ್ತು ಅಂತ ತಿಳಿಸಿ. ಹದಿನೇಳನೇ ಮನೆಯ ಗೋಡೆ ಖಾಲಿ ಇದೆ.